ಅರ್ಧ ಆಂಪ್ಯೂಲ್

ಆಗಸ್ಟ್ 4, ಸೋಮವಾರ

ಇವತ್ತು ಒಂಬತ್ತು ವಾಂತಿ ಕೇಸು. ಮಧ್ಯಾಹ್ನದೊಳಗೇ. ಬಕೆಟ್ ಇರುವುದು ಮೂರು. ಒಂದರ ಹಿಡಿಕೆ ಮುರಿದಿದೆ — ಎತ್ತುವಾಗ ಕೈಮೇಲೆ ಚೆಲ್ಲಿತು. ಮೂರು ಸಲ ಸೋಪು ಹಾಕಿ ತೊಳೆದೆ. ಸಂಜೆ ಮಸ್ಕಿ ಬಸ್ಸಿನಲ್ಲಿ ಕೂತು ಮೂಸಿ ನೋಡಿದರೆ ಇನ್ನೂ ಹೋಗಿಲ್ಲ. ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನನಗೋ, ಡೀಸೆಲ್ಲಿಗೋ.

ಭತ್ತದ ನಾಟಿ ಶುರುವಾದರೆ ಪ್ರತಿ ವರ್ಷ ಇದೇ. ಕಾಲುವೆಯ ನೀರು ಗದ್ದೆಗೂ ಅದೇ, ಕೊಡಕ್ಕೂ ಅದೇ. ವಳಕಮದಿನ್ನಿಯಿಂದ ನಾಲ್ಕು, ಬಳಗಾನೂರಿನಿಂದ ಮೂರು. ಸಿಂಧನೂರಿನಲ್ಲಿ ಇಷ್ಟು ನರ್ಸಿಂಗ್ ಹೋಮ್ ಇದ್ದರೂ ಎಲ್ಲರೂ ನಮ್ಮಲ್ಲಿಗೇ ಏಕೆ ಬರುತ್ತಾರೋ... ಬಸ್ ಸ್ಟ್ಯಾಂಡಿಗೆ ಹತ್ತಿರ, ಅಷ್ಟೇ.

ಡಾಕ್ಟರ್ ಸಿದ್ದಲಿಂಗೇಶ ಸರ್‌ಗೆ ಶ್ರಾವಣ ಸೋಮವಾರದ ಉಪವಾಸ. ಉಪವಾಸ ಎಂದರೆ ಸಾಬೂದಾಣಿ, ಬಾಳೆಹಣ್ಣು, ಖರ್ಜೂರ. ಬಾಯಲ್ಲಿ ಖರ್ಜೂರ ಇಟ್ಟುಕೊಂಡೇ ರೌಂಡ್ಸಿಗೆ ಬಂದರು. ವಾರ್ಡಿನ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. ವಾಸನೆ.

“ಎಲ್ಲಾರಿಗೂ ಮೆಟೊಕ್ಲೊಪ್ರಮೈಡ್ ಹಾಕ್ರಿ ಸಿಸ್ಟರ್. ದೊಡ್ಡೋರಿಗೆ ಪೂರಾ ಆಂಪ್ಯೂಲ್, ಸಣ್ಣೋರಿಗೆ ಅರ್ಧ.”

ವಾಂತಿ ನಿಲ್ಲಿಸುವ ಇಂಜೆಕ್ಷನ್ನು, ಗಾಜಿನ ಪುಟ್ಟ ಆಂಪ್ಯೂಲಿನಲ್ಲಿ ಬರುತ್ತದೆ. ಹಾಗೆಂದು ಬೀಜ ಉಗುಳಿದರು. ನನ್ನ ಟ್ರೇಯೊಳಗೆ. ಸಿರಿಂಜಿನ ಪಕ್ಕ. ಜೊಲ್ಲು ಹತ್ತಿದ ಬೀಜ. ಟ್ರೇ ತೊಳೆದೆ.

ಆಗಸ್ಟ್ 6, ಬುಧವಾರ

ತೂಕದ ಮಷೀನು ಯುಗಾದಿಯಿಂದ ಕೆಟ್ಟಿದೆ. ಯಾರು ಹತ್ತಿದರೂ ಮುಳ್ಳು ನಲವತ್ತು ಬಿಟ್ಟು ಅಲ್ಲಾಡುವುದಿಲ್ಲ. ಆದರೆ ಕೇಸ್ ಶೀಟಿನಲ್ಲಿ ತೂಕದ ಕಾಲಂ ಖಾಲಿ ಬಿಟ್ಟರೆ ಸರ್ ಬೈಯುತ್ತಾರೆ. ಹಾಗಾಗಿ ತುಂಬುತ್ತೇವೆ. ನಾನು, ಮೀರಾಬಿ ಅಕ್ಕ, ಇಬ್ಬರೂ.

ಇವತ್ತು ಊಟದ ಹೊತ್ತಿನಲ್ಲಿ ಸುಮ್ಮನೆ ಹಳೆಯ ರಿಜಿಸ್ಟರು ತಿರುವಿದೆ. ಮಕ್ಕಳು: 12, 13, 12, 12, 13, 12. ನಾಲ್ಕು ತಿಂಗಳಿನಿಂದ ಈ ತಾಲೂಕಿನ ಮಕ್ಕಳೆಲ್ಲ ಹನ್ನೆರಡೋ ಹದಿಮೂರೋ ಕೆಜಿ. ಅರ್ಧಕ್ಕಿಂತ ಹೆಚ್ಚು ನನ್ನ ಅಕ್ಷರ. ದುಂಡಗೆ, ಚಂದವಾಗಿ.

ಅಕ್ಕನಿಗೆ ತೋರಿಸಿದೆ. ಇಪ್ಪತ್ತೆರಡು ವರ್ಷದ ಸರ್ವಿಸು ಅವರದು. ರೊಟ್ಟಿ ಮುರಿಯುತ್ತಾ ನಕ್ಕರು.

“ಅರೆ ಬೇಟಿ, ತೂಕ ಹಿಡಕೊಂಡು ಲೆಕ್ಕ ಯಾರ್ ಮಾಡ್ತಾರ ಇಲ್ಲಿ? ಅರ್ಧ ಅಂದ್ರ ಅರ್ಧ. ಹನ್ನೆರಡು ಬರದ್ರೇನು, ಇಪ್ಪತ್ತು ಬರದ್ರೇನು?”

ನಿಜ. ಅದೇ ಹೇಸಿಗೆ. ಟ್ರೈನಿಂಗಿನ ನೋಟ್ಸ್ ತೆಗೆದು ನೋಡಿದೆ. ಈ ಇಂಜೆಕ್ಷನ್ನು ಮಕ್ಕಳಿಗೆ ಕೆಜಿಗೆ ಸೊನ್ನೆ ಪಾಯಿಂಟ್ ಒಂದು ಮಿಲಿಗ್ರಾಂ. ಸಣ್ಣವರಿಗೆ ಆದಷ್ಟು ಕೊಡಲೇಬಾರದು ಎಂದು ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೇನೆ. ಒಂದು ಆಂಪ್ಯೂಲಿನಲ್ಲಿ ಎರಡು ಎಂ.ಎಲ್., ಅದರಲ್ಲಿ ಹತ್ತು ಮಿಲಿಗ್ರಾಂ. ಅರ್ಧ ಎಂದರೆ ಐದು. ಐವತ್ತು ಕೆಜಿಯ ಮಗು ಎಲ್ಲಿದೆ?

ನೋಟ್ಸ್ ಮುಚ್ಚಿದೆ. ಮಧ್ಯಾಹ್ನ ಮತ್ತೆ ಇಬ್ಬರಿಗೆ ಅರ್ಧರ್ಧ ಕೊಟ್ಟೆ. ಗೊತ್ತಿದ್ದೂ.

ಆಗಸ್ಟ್ 7, ಗುರುವಾರ, ಮಧ್ಯಾಹ್ನ 1.40

ಬಳಗಾನೂರಿನಿಂದ ಒಬ್ಬ ಮುದುಕಮ್ಮ ಬಂದಿದ್ದಳು. ಸೊಂಟದ ಮೇಲೆ ಮೊಮ್ಮಗಳು, ಹುಲಿಗೆಮ್ಮ — ಹುಲಿಗಿ ಎನ್ನುತ್ತಾಳೆ. ಬೆಳಗಿನಿಂದ ಏಳು ಸಲ ವಾಂತಿ. ಮೈ ಸ್ವಲ್ಪ ಬಿಸಿ. ಸೊಸೆ ನಾಟಿಗೆ ಹೋಗಿದ್ದಾಳಂತೆ.

“ವಯಸ್ಸೆಷ್ಟು ಅಮ್ಮಾ?”

“ಮೂರು ತುಂಬ್ಯಾವ ತಂಗಿ. ನೋಡಾಕ ಹಂಗ ಕಾಣೂದಿಲ್ಲ.”

13 ಕೆಜಿ ಎಂದು ಬರೆದೆ. ಎತ್ತಿ ಬೆಡ್ ಮೇಲೆ ಮಲಗಿಸಿದಾಗ ಕೈಗೆ ಭಾರವೇ ಹತ್ತಲಿಲ್ಲ. ಬರೆದದ್ದು ಹೊಡೆದು ಹಾಕಬಹುದಿತ್ತು. ಹಾಕಲಿಲ್ಲ. ಸಲೈನ್ ಹಚ್ಚಿದೆ. ಅರ್ಧ ಆಂಪ್ಯೂಲು.

“ನಿನ್ನ ಕೈ ಭಾಳ ಹಗೂರ ಐತಿ. ಕೂಸು ಅಳಲೇ ಇಲ್ಲ,” ಎಂದಳು ಮುದುಕಮ್ಮ.

ಅಳಲಿಕ್ಕೆ ಅದಕ್ಕೆ ಶಕ್ತಿ ಇರಲಿಲ್ಲ. ಸಲೈನ್ ಮುಗಿದ ಮೇಲೆ ವಾಂತಿ ನಿಂತಿತು. ಕಳಿಸಿದೆವು.

ಅದೇ ದಿನ, ಸಂಜೆ 7. ಮನೆ

ನಾಲ್ಕೂಕಾಲಿಗೆ ತಿರುಗಿ ಬಂದರು. ಮೂರು ಗಾಲಿಯ ಟಂಟಂ ಗಾಡಿಯಲ್ಲಿ.

ಹುಲಿಗಿಯ ಕುತ್ತಿಗೆ ಎಡಕ್ಕೆ ತಿರುಚಿಕೊಂಡಿತ್ತು. ಬೆನ್ನು ಬಿಲ್ಲಿನ ಹಾಗೆ. ಕಣ್ಣುಗುಡ್ಡೆಗಳು ಮೇಲೆ ಹೋಗಿ ಅಲ್ಲೇ ನಿಂತಿದ್ದವು. ನಾಲಿಗೆ ಹೊರಗೆ, ಜೊಲ್ಲು ಸುರಿಯುತ್ತಿತ್ತು. ಕೂದಲಲ್ಲಿ ಬೇವಿನ ಎಲೆ, ಹಣೆಗೆ ದೇವಿಯ ಅರಿಶಿನದ ಭಂಡಾರ.

ಮುದುಕಮ್ಮ ಕೂಸನ್ನು ನನ್ನ ಕಡೆ ಚಾಚಿದಳು. “ಅವ್ವ ಮೈಮ್ಯಾಲ ಬಂದಾಳ ಅಂತ ಓಣ್ಯಾಗ ಅಂದ್ರು. ನನಗ ಹಂಗ ಅನಿಸವಲ್ದು. ಹೆಸರು ಹಿಡದು ಕರದ್ರ ಕೇಳಿಸಾಕತ್ತೈತಿ ಅದಕ್ಕ. ನನ್ನ ಕಡೆ ನೋಡಾಕ ಕಣ್ಣು ಇಳಸಾಕ ಆಗವಲ್ದು, ಅಷ್ಟ.”

ಆ ಮುದುಕಿ ಓದಿಲ್ಲ. ಸರಿಯಾಗಿ ಕಂಡಳು. ಫಿಟ್ಸ್ ಆದರೆ ಎಚ್ಚರ ತಪ್ಪುತ್ತದೆ. ಇದರಲ್ಲಿ ಎಲ್ಲ ಕೇಳಿಸುತ್ತದೆ, ಎಲ್ಲ ಗೊತ್ತಾಗುತ್ತದೆ, ಮೈ ಮಾತ್ರ ತನ್ನದಲ್ಲ. ರಾಯಚೂರಿನಲ್ಲಿ ಟ್ರೈನಿಂಗ್ ಮಾಡುವಾಗ ಒಬ್ಬ ಕಾಲೇಜು ಹುಡುಗಿಗೆ ಹೀಗಾದದ್ದು ನೋಡಿದ್ದೆ. ಇದೇ ಇಂಜೆಕ್ಷನ್ನು, ಡೋಸು ಜಾಸ್ತಿ. ಅದಕ್ಕೆ ಮದ್ದಾದ ಪ್ರೊಮೆಥಜಿನ್ ಕೊಟ್ಟ ಕೂಡಲೇ ಬಿಟ್ಟಿತ್ತು.

ಸರ್ ಹತ್ತಿರ ಹೋಗಿ ಹೇಳಿದೆ. “ಸರ್, ಮೆಟೊಕ್ಲೊ ರಿಯಾಕ್ಷನ್ ಇರಬಹುದು. ಪ್ರೊಮೆಥಜಿನ್ ಕೊಟ್ಟು ನೋಡಿದ್ರ—”

“ನಂದಿನಿ ಸಿಸ್ಟರ್, ಇಲ್ಲಿ ಡಾಕ್ಟರ್ ಯಾರು?”

ನಗುತ್ತಲೇ ಕೇಳಿದರು. ಪೇಷಂಟುಗಳೂ ನಕ್ಕರು.

ಕ್ಯಾಬಿನ್ನಿನಲ್ಲಿ ರೆಫರ್ ಲೆಟರ್ ಬರೆದರು. ಪಕ್ಕದಲ್ಲೇ ನಿಂತಿದ್ದೆ. ಜ್ವರ, ಫಿಟ್ಸ್, ಮಿದುಳು ಜ್ವರ ಇರಬಹುದು. ಕೊಟ್ಟ ಔಷಧ... ಅಲ್ಲಿ ಪೆನ್ನು ನಿಂತಿತು. ಒಂದು ಕ್ಷಣ. ಆಮೇಲೆ ಬರೆದರು: ಒಂಡಾನ್ಸೆಟ್ರಾನ್. ಅದೂ ವಾಂತಿಯದೇ, ಆದರೆ ಹೀಗೆ ಮಾಡುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಪೆನ್ನು ನಿಲ್ಲುತ್ತಿರಲಿಲ್ಲ. ಗೊತ್ತಿತ್ತು ಅವರಿಗೆ.

ಲೆಟರು ಕವರಿಗೆ ಹಾಕಿ ಮುದುಕಮ್ಮನ ಕೈಗೆ ಕೊಟ್ಟವಳು ನಾನು.

“ಲಿಂಗಸುಗೂರಿಗೆ ಹೋಗ್ರಿ, ಮಕ್ಕಳ ಡಾಕ್ಟರ್ ಅದಾರ.” ಅಷ್ಟೇ ಅಂದೆ. ಬಾಯಲ್ಲಿ ಇಂಜೆಕ್ಷನ್ನಿನ ಹೆಸರಿತ್ತು. ನುಂಗಿದೆ.

ಅವರ ಗಾಡಿ ಇದೇ ಮಸ್ಕಿ ಮೇಲಿಂದ ಹೋಗಿರಬೇಕು. ಮನೆಗೆ ಬಂದು, ಶೀಟಿನಿಂದ ಬರೆದುಕೊಂಡಿದ್ದ ಮುದುಕಮ್ಮನ ಮಗನ ನಂಬರಿಗೆ ಹಚ್ಚಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಎರಡು ಸಲ. ಅಪ್ಪ ಊಟಕ್ಕೆ ಕರೆಯುತ್ತಿದ್ದಾರೆ. ಥೂ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಎಂದು ಫೋನಿನಲ್ಲಿ ರಜೆ ಕೇಳಿದೆ. ನಮ್ಮ ಮನೆಯಲ್ಲಿ ಆ ಪೂಜೆ ಇಲ್ಲ, ಗೋಡೆಯ ಮೇಲೆ ಇರುವುದು ಬುದ್ಧ ಮತ್ತು ಬಾಬಾಸಾಹೇಬರು. ಸರ್‌ಗೂ ಗೊತ್ತು. ಆದರೂ, “ಆಯ್ತು, ಆರಾಮಾಗಿ ಪೂಜೆ ಮಾಡ್ರಿ,” ಎಂದರು.

ಏಳೂವರೆಯ ಬಸ್ಸಿಗೆ ಲಿಂಗಸುಗೂರು. ಮಕ್ಕಳ ಡಾಕ್ಟರ್ ಮುಸರತ್ ಮೇಡಂ. ನಲವತ್ತರ ಆಸುಪಾಸು, ಕಣ್ಣು ಕೆಂಪಗಿದ್ದವು. ಮಲಗಿರಲಿಲ್ಲ.

ಹುಲಿಗಿ ಬೆಡ್ ಮೇಲೆ. ನಿದ್ದೆಯ ಔಷಧದ ಅಮಲು ಇಳಿಯುತ್ತಿದ್ದ ಹಾಗೆ ಕುತ್ತಿಗೆ ಮತ್ತೆ ತಿರುಚಿಕೊಳ್ಳುತ್ತಿತ್ತು. ಬೆನ್ನಿಗೆ ಪಟ್ಟಿ ಹಾಕಿದ್ದರು — ಮಿದುಳು ಜ್ವರ ಇದೆಯೋ ಎಂದು ಬೆನ್ನೆಲುಬಿನಿಂದ ನೀರು ತೆಗೆದಿದ್ದಾರೆ. ಮೂರು ಜನ ಅದುಮಿ ಹಿಡಿದಿದ್ದರಂತೆ. ಕೂಸಿಗೆ ಎಚ್ಚರ ಇತ್ತು ಎಂದು ಮತ್ತೆ ಬರೆಯುತ್ತಿದ್ದೇನೆ, ನಾನು ಮರೆಯಬಾರದು.

ಮೇಡಂ ಪಕ್ಕಕ್ಕೆ ಹೋಗಿ ಹೇಳಿದೆ. “ಲೆಟರ್‌ನಾಗ ಇರೋದು ತಪ್ಪು ಮೇಡಂ. ಕೊಟ್ಟದ್ದು ಮೆಟೊಕ್ಲೊಪ್ರಮೈಡ್. ಅರ್ಧ ಆಂಪ್ಯೂಲ್.”

ಮೇಡಂ ಲೆಟರು ತೆಗೆದು ಮತ್ತೆ ನೋಡಿದರು. “ಅದೇ ಅನುಮಾನ ಇತ್ತು ನನಗ. ಒಂಡಾನ್ಸೆಟ್ರಾನ್ ಅಂತ ಬರದಿದ್ರು, ಬಿಟ್ಟೆ.” ಆಮೇಲೆ ನರ್ಸಿಗೆ ಕೂಗಿದರು, “ಪ್ರೊಮೆಥಜಿನ್ ತಗೊಂಬಾ. ಒಂಬತ್ತು ಪಾಯಿಂಟ್ ನಾಕು ಕೆಜಿಗೆ ಲೆಕ್ಕ ಹಾಕಿ ತೋರಸು ನನಗ, ಆಮ್ಯಾಲ ತುಂಬು.”

ಇಪ್ಪತ್ತು ನಿಮಿಷ. ಮೊದಲು ನಾಲಿಗೆ ಒಳಗೆ ಹೋಯಿತು. ಆಮೇಲೆ ಕಣ್ಣು ಇಳಿದವು. ಕುತ್ತಿಗೆ ಸಡಿಲಾಯಿತು. ಹುಲಿಗಿ ಅಜ್ಜಿಯ ಕಡೆ ತಿರುಗಿ, “ನೀರು,” ಎಂದಿತು. ಮುದುಕಮ್ಮ ಸೆರಗಿನಲ್ಲಿ ಅದರ ಬಾಯಿ ಒರೆಸಿ ಲೋಟ ಹಿಡಿದಳು.

ಮೇಡಂ ಆಮೇಲೆ ಕೇಳಿದರು: “ನಿಮ್ಮಲ್ಲಿ ತೂಕ ಎಷ್ಟು ಬರದಿದ್ರಿ?”

“ಹದಿಮೂರು.”

“ತೂಗಿದ್ರೇನು?”

“ಹೂಂ,” ಎಂದೆ.

ಯಾಕಂದೆ? ಅಷ್ಟು ದೂರ ಹೋಗಿ, ಅಷ್ಟು ಹೇಳಿ, ಕೊನೆಗೆ ಅದೊಂದು ಸುಳ್ಳು. ಮೇಡಂ ಅವರ ಶೀಟು ನನ್ನ ಕಡೆ ತಿರುಗಿಸಿದರು. 9.4.

ಮನೆಯವರಿಗೆ, “ಆ ಔಷಧ ಈ ಕೂಸಿಗೆ ಆಗಿಬರೂದಿಲ್ಲ, ಇನ್ನೊಮ್ಮೆ ಕೊಡಸಬ್ಯಾಡ್ರಿ,” ಎಂದು ಚೀಟಿ ಬರೆದುಕೊಟ್ಟರು. ಮುದುಕಮ್ಮ ಅದು ಕೂಸಿನದೇ ದೋಷ ಎಂದುಕೊಂಡಳು. ಬಾಗಿಲವರೆಗೆ ಬಂದು ನನ್ನ ಕಾಲು ಮುಟ್ಟಿದಳು. ಅರವತ್ತೈದರ ಮುದುಕಿ. “ನೀ ಬರದಿದ್ರ ನಮ್ಮ ಹುಲಿಗಿ ಉಳೀತಿದ್ದಿಲ್ಲ ನೋಡವ್ವ.”

ಕಾಲು ಹಿಂದಕ್ಕೆ ಎಳೆದುಕೊಂಡೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಆಗಸ್ಟ್ 9, ಶನಿವಾರ

ಮುಸರತ್ ಮೇಡಂ ಸರ್‌ಗೆ ಫೋನ್ ಮಾಡಿದ್ದಾರೆ. ಬೈಯುತ್ತಾರೆ ಎಂದುಕೊಂಡು ಹೋದೆ. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾಬಿನ್ನಿನಲ್ಲಿ ಕೂರಿಸಿದರು. ಮಸಾಲೆ ಚಹಾ ತರಿಸಿದರು. “ನೀವು ನಮ್ಮ ಮನೀ ಮಗಳಿದ್ದಂಗ ನಂದಿನಿ. ನಿಮಗೇನೂ ಆಗಬಾರದು ಅಂತ ನನ್ನ ಚಿಂತಿ. ನೋಡ್ರಿ, ಶೀಟ್ ನಿಮ್ಮ ಕೈಬರಹ. ಚುಚ್ಚಿದ್ದೂ ನೀವೇ. ಬಾಯಿಮಾತಿನಲ್ಲಿ ನಾ ಏನಂದೆ ಅನ್ನೋದು ಯಾರಿಗೆ ಗೊತ್ತದ?” ಮೈಗೆ ಹಚ್ಚಿದ ಅತ್ತರು, ಬಾಯಿಯ ಏಲಕ್ಕಿ, ಎರಡೂ ಕೂಡಿ ಬಂದ ವಾಸನೆಗೆ ವಾರ್ಡಿನ ಬಕೆಟ್ಟೇ ವಾಸಿ.

ಹೊಸ ಕೇಸ್ ಶೀಟು ಮುಂದಿಟ್ಟರು. ನಾನು ಬರೆದೆ. ಒಂಡಾನ್ಸೆಟ್ರಾನ್. ತೂಕ 13, ತೂಗಿ ನೋಡಿದೆ. ಸಹಿ ಹಾಕಿದೆ. ಹಳೆಯದನ್ನು ನನ್ನ ಎದುರೇ ಹರಿದು ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ದ ಬುಟ್ಟಿಗೆ ಹಾಕಿದರು.

ಲೆಕ್ಕ ಹಾಕಿದೆ, ಬಸ್ಸಿನಲ್ಲಿ. 9.4ಕ್ಕೆ ಒಂದು ಮಿಲಿಗ್ರಾಂ ಸಾಕಿತ್ತು. ಐದು ಕೊಟ್ಟಿದ್ದೇನೆ. ಹದಿಮೂರೇ ನಿಜವಾಗಿದ್ದರೂ ಒಂದೂ ಕಾಲು. ನನ್ನ ಸುಳ್ಳು ತೂಕವನ್ನು ಕೂಡ ಯಾರೂ ನೋಡಲಿಲ್ಲ. ನಾನೂ.

ಆಗಸ್ಟ್ 15, ಶುಕ್ರವಾರ

ಧ್ವಜ ಏರಿಸಿ ಸರ್ ಭಾಷಣ ಮಾಡಿದರು. ಆಮೇಲೆ ಹೊಸ ತೂಕದ ಮಷೀನಿಗೆ ಪೂಜೆ. ಡಿಜಿಟಲ್. ಚೆಂಡು ಹೂವಿನ ಹಾರ, ಕುಂಕುಮ, ತೆಂಗಿನಕಾಯಿ. ಮೊದಲು ಸರ್ ಹತ್ತಿದರು. ತೊಂಬತ್ತೊಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೆಟೊಕ್ಲೊಪ್ರಮೈಡಿನ ಡಬ್ಬಿ ಇದ್ದಲ್ಲೇ ಇದೆ. ಅರ್ಧ ಎಂದರೆ ಅರ್ಧವೇ. ಪೂಜೆ ಮುಗಿದದ್ದೇ ಮಷೀನಿನ ಮೇಲೆ ಮತ್ತೆ ಪ್ಲಾಸ್ಟಿಕ್ ಕವರು. ನಾನು ಮಾತ್ರ ಮಕ್ಕಳಿಗೆ ಕಾಲು ಎಂ.ಎಲ್. ಎಳೆದುಕೊಂಡು ಉಳಿದದ್ದು ಸಿಂಕಿಗೆ ಬಿಡುತ್ತಿದ್ದೇನೆ, ಕಳ್ಳಿಯ ಹಾಗೆ. ಮೀರಾಬಿ ಅಕ್ಕ ನೋಡಿದರು. ಮುಖ ತಿರುಗಿಸಿದರು.

ಆಗಸ್ಟ್ 18, ಸೋಮವಾರ

ಮುದುಕಮ್ಮ ಬಂದಳು. ಹುಲಿಗಿಯನ್ನು ಕರೆದುಕೊಂಡು. ನನಗೆಂದು ಶೇಂಗಾ ಹೋಳಿಗೆ, ಬಿಳಿ ಬಟ್ಟೆಯಲ್ಲಿ ಕಟ್ಟಿ.

ಸರ್ ಕ್ಯಾಬಿನ್ನಿನಿಂದ ಓಡಿ ಬಂದರು. ಕೂಸನ್ನು ಎತ್ತಿ ಹೊಸ ಮಷೀನಿನ ಮೇಲೆ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. ಅಜ್ಜಿ ಒಂದು ಪಕ್ಕ, ತಾವು ಒಂದು ಪಕ್ಕ. “ಸಿಸ್ಟರ್, ನೀವೂ ಬರ್ರಿ!” ನಿಂತೆ. ಸಂಜೆಯ ಹೊತ್ತಿಗೆ ಅವರ ಸ್ಟೇಟಸ್ಸಿನಲ್ಲಿ: ಸಾವಿನ ದವಡೆಯಿಂದ ಪಾರಾದ ಕಂದ. ಕೈಮುಗಿದ ಗುರುತು, ಹೃದಯದ ಗುರುತು. ಅದರಲ್ಲಿ ನಾನು ನಗುತ್ತಿದ್ದೇನೆ. ಹಲ್ಲು ಕಾಣುವ ಹಾಗೆ.

ಸರ್ ಕೈ ಮುಂದೆ ಬಂದಾಗ ಹುಲಿಗಿ ಏನೂ ಅನ್ನಲಿಲ್ಲ. ನಾನು ಕೆನ್ನೆ ಮುಟ್ಟಲು ಹೋದೆ, ಕಿರುಚಿಕೊಂಡಿತು. ಅಜ್ಜಿಯ ಸೆರಗಿನೊಳಗೆ ಹೋಗಿ ಅಡಗಿತು.

“ಏ, ಅಕ್ಕ ಅಲ್ಲೇನ, ಜೀವಾ ಉಳಿಸಿದಾಕಿ!” ಎಂದು ಮುದುಕಮ್ಮ ಅದಕ್ಕೇ ಬೈದಳು.

ಆಗಸ್ಟ್ 21, ಗುರುವಾರ

ಹೋಳಿಗೆ ತಿಂದಿಲ್ಲ. ಬಟ್ಟೆಯ ಗಂಟು ಹಾಗೇ ಶೆಲ್ಫಿನ ಮೇಲಿತ್ತು, ಇರುವೆ ಹತ್ತಿವೆ.

ಮುಸರತ್ ಮೇಡಂ ತಾಲೂಕು ಆರೋಗ್ಯ ಅಧಿಕಾರಿಗೆ ರಿಪೋರ್ಟು ಕಳಿಸಿದ್ದಾರೆ. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಸರ್, ನಾನು. ಹೇಳಿಕೆ ಬರೆದುಕೊಂಡು ಬರಬೇಕು. ಸರ್ ಟೈಪ್ ಮಾಡಿಸಿ ಕೊಟ್ಟಿದ್ದಾರೆ, ಸಹಿಗೆ ಜಾಗ ಬಿಟ್ಟು.

ಮೀರಾಬಿ ಅಕ್ಕ ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿ ಹೇಳಿದರು. “ಸಹಿ ಹಾಕಿ ಬಿಡು ಬೇಟಿ. ಖರೇ ಹೇಳಿದ್ರ ಮೊದಲು ಹೋಗೋದು ನಿನ್ನ ನರ್ಸಿಂಗ್ ರಿಜಿಸ್ಟ್ರೇಷನ್ ನಂಬರು, ಅವರ್ದಲ್ಲ. ಕೂಸು ಆರಾಮಾಗೇದ. ಇನ್ನೇನು?”

“ಮುಂದಿನ ಕೂಸು, ಅಕ್ಕಾ?”

ಅಕ್ಕ ಹತ್ತಿ ಸುತ್ತುತ್ತಲೇ ಇದ್ದರು. “ನನಗ ಕೇಳಬ್ಯಾಡ ಅದನ್ನ.”

ಆಗಸ್ಟ್ 24, ಭಾನುವಾರ

ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು, ಮಗಳು ಸ್ಟಾಫ್ ನರ್ಸ್ ಎಂದು ಕಂಡವರಿಗೆಲ್ಲ ಹೇಳುವವರು. ಕೇಳಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಬೈಯಲಿಲ್ಲ.

“ಆಫೀಸಿನ್ಯಾಗ ಹೇಳೂದು ಆಮ್ಯಾಲ. ಮೊದ್ಲ ಆ ಮುದುಕಿ ಮುಂದ ಹೇಳು. ನಾ ಬರ್ತೀನಿ, ಬಸ್ ಸ್ಟಾಪಿನ್ಯಾಗ ಕುಂದ್ರತೀನಿ.”

ಬಳಗಾನೂರು. ಅಪ್ಪ ಸ್ಟಾಪಿನ ಕಟ್ಟೆಯ ಮೇಲೆ ಕೂತರು. ನಾನೊಬ್ಬಳೇ ಹೋದೆ. ಮುದುಕಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹುಲಿಗಿ ನನ್ನನ್ನು ನೋಡಿ ಒಳಗೆ ಓಡಿತು. ಮುದುಕಮ್ಮ ಚಹಾಕ್ಕೆ ಏಳಲು ಹೋದಳು. ಕೈ ಹಿಡಿದು ಕೂರಿಸಿದೆ. ನಿಂತೇ ಹೇಳಿದೆ, ಕೂತರೆ ಹೇಳುತ್ತಿರಲಿಲ್ಲ.

“ಅಮ್ಮಾ, ಕೂಸಿಗೆ ಔಷಧ ಆಗಿಬರಲಿಲ್ಲ ಅಂತ ಅಲ್ಲ. ನಾ ಜಾಸ್ತಿ ಕೊಟ್ಟೆ. ಐದು ಪಟ್ಟು ಜಾಸ್ತಿ. ನನ್ನ ಕೈಯಾರ.”

ಮೊರ ಕೆಳಗಿಟ್ಟಳು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು. ಸಂಜಿಗೆ ನೀವು ತಿರುಗಿ ಬಂದಾಗಂತೂ ಪೂರಾ ಗೊತ್ತಿತ್ತು. ಹೇಳಲಿಲ್ಲ.”

“ಮತ್ತ ಬೆನ್ನಿಗೆ ಸೂಜಿ ಹಾಕಿದ್ದು...”

“ಹೇಳಿದ್ರ ಹಾಕ್ತಿದ್ದಿಲ್ಲ.”

“ಎಷ್ಟು ಕೊಡಬೇಕಂತ ಹೆಂಗ ತಿಳೀತೈತಿ ನಿಮಗ?”

“ತೂಗಬೇಕು. ತೂಗಲಿಲ್ಲ.”

ಮುದುಕಮ್ಮ ಅಕ್ಕಿಯಲ್ಲಿ ಕೈಯಾಡಿಸಿ ಒಂದು ಕಲ್ಲು ಹೆಕ್ಕಿ ಎಸೆದಳು. ಆಮೇಲೆ ಹೇಳಿದಳು, ದನಿ ಏರಿಸದೆ. “ನಾವು ಭತ್ತದ ಚೀಲಾ ಎರಡೆರಡು ಸಲ ತೂಗಿಸ್ತೀವಿ. ಕಣದಾಗೊಮ್ಮೆ, ಮಿಲ್ಲಿನ್ಯಾಗೊಮ್ಮೆ. ನನ್ನ ಮೊಮ್ಮಗಳನ್ನ ಒಮ್ಮೆ ತೂಗಾಕ ಆಗಲಿಲ್ಲೇನ ತಂಗಿ? ನಾ ನಿನ್ನ ಕಾಲು ಮುಟ್ಟೀನಿ. ಆವಾಗರ ಹೇಳಬಾರದೇನು?”



“ನಾಳೆ ಆಫೀಸಿನಲ್ಲಿ ಬರದು ಕೊಡಬೇಕು,” ಎಂದೆ.

“ನನ್ನ ಮುಂದ ಹೇಳಿದಂಗ ಅಲ್ಲಿ ಬರಿ. ಬೇರೆ ಬರದೀ ಅಂದ್ರ ಇಲ್ಲಿಗೆ ಬಂದಿದ್ದೂ ಒಂದು ನಾಟಕ ಆತು.” ಎದ್ದಳು. “ಹೋಗಿನ್ನ. ಕೂಸು ಹೊರಗ ಬರಬೇಕು.”

ಕ್ಷಮಿಸಲಿಲ್ಲ. ಕ್ಷಮಿಸಿದ್ದರೆ ನನಗೆ ಇನ್ನಷ್ಟು ಹೇಸಿಗೆಯಾಗುತ್ತಿತ್ತು. ಅಪ್ಪ ಮಸ್ಕಿಗೆ ಎರಡು ಟಿಕೆಟ್ ತೆಗೆಸಿದರು.

ಆಗಸ್ಟ್ 25, ಸೋಮವಾರ, ಬೆಳಿಗ್ಗೆ 8.50

ಸಿಂಧನೂರು ಬಸ್ ಸ್ಟ್ಯಾಂಡಿನ ಬೆಂಚು. ಸರ್ ಮೂರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಅವರು ಟೈಪ್ ಮಾಡಿಸಿದ ಹಾಳೆ ಹರಿದೆ. ಬಿಳಿ ಹಾಳೆ ತೊಡೆಯ ಮೇಲಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅದರಲ್ಲಿ.

ಆಗಸ್ಟ್ ಏಳರಂದು ಹುಲಿಗೆಮ್ಮ ಎಂಬ ಮಗುವಿಗೆ ಇಂಜೆಕ್ಷನ್ ಕೊಟ್ಟವಳು ನಾನು. ಕೊಟ್ಟದ್ದು ಮೆಟೊಕ್ಲೊಪ್ರಮೈಡ್, ಐದು ಮಿಲಿಗ್ರಾಂ. ಮಗುವನ್ನು ತೂಗಿರಲಿಲ್ಲ. ಮುಸರತ್ ಮೇಡಂಗೆ ತೂಗಿದ್ದೆ ಎಂದು ಹೇಳಿದ್ದು ಸುಳ್ಳು. ಈಗ ಫೈಲಿನಲ್ಲಿರುವ ಕೇಸ್ ಶೀಟು ಒಂಬತ್ತನೇ ತಾರೀಖು ಬರೆದದ್ದು, ಅದೂ ಸುಳ್ಳು. ಅಕ್ಷರ ನನ್ನದು, ಬರೆಸಿದವರು ಡಾಕ್ಟರ್ ಸಿದ್ದಲಿಂಗೇಶ.